ಬಿಳಿ ಹಿನ್ನೆಲೆ ತೆಗೆಯುವುದು ಹೇಗೆ? ಒಂದು ಕುದುರೆ, ಒಂದು ಬೋರ್ಡು, ಒಂದು ಸಹಿ

ಹೋದ ವರ್ಷ ಚಿಕ್ಕಮ್ಮ ಒಂದು ಮೇಳದಲ್ಲಿ ಚನ್ನಪಟ್ಟಣದ ಗೊಂಬೆಗಳ ಮಳಿಗೆ ಹಾಕಿದರು. ಬ್ಯಾನರ್ ಮಾಡಿಸುವ ಕೆಲಸ ನನ್ನ ತಲೆಗೆ ಬಂತು. ‘ಗೊಂಬೆ ಅಂಗಡಿ’ ಅಂತ ಬ್ರಷ್ಷಿನಲ್ಲಿ ನಾನೇ ಬರೆದೆ. ಫೋನಿನಲ್ಲಿ ಫೋಟೊ ತೆಗೆದೆ. ಹಳದಿ ಬ್ಯಾನರ್ ಮೇಲೆ ಇದನ್ನು ಹಾಕಿ ಅಂತ ಪ್ರಿಂಟಿಂಗ್ ಅಂಗಡಿಗೆ ಕಳಿಸಿದೆ. ಮೇಳದ ಬೆಳಗ್ಗೆ ಬ್ಯಾನರ್ ಬಿಚ್ಚಿ ನೋಡಿದರೆ ಹಳದಿ ಬಟ್ಟೆಯ ನಡುವೆ ದೊಡ್ಡದೊಂದು ಬಿಳಿ ಚೌಕ, ಅದರೊಳಗೆ ನನ್ನ ಅಕ್ಷರ. ಹರಿದ ಪಂಚೆಗೆ ತೇಪೆ ಹಾಕಿದ ಹಾಗೆ.

ತಪ್ಪು ಅಂಗಡಿಯವರದ್ದಲ್ಲ, ನಾನು ಕೊಟ್ಟಿದ್ದೇ ಹಾಗಿತ್ತು. ಮುಂದಿನ ಸಲ ಹುಷಾರಾದೆ. ಕುದುರೆ ಗೊಂಬೆಯ ಫೋಟೊ ತೆಗೆದು, ಇದ್ದಬದ್ದ ಬಿಳಿಯನ್ನೆಲ್ಲ ಒಂದೇ ಏಟಿಗೆ ಅಳಿಸಿದೆ. ಜೊತೆಗೆ ಕುದುರೆಯ ಕಣ್ಣಿನ ಬಿಳಿಯೂ ಹೋಯಿತು. ಹಳದಿ ಮೇಲೆ ಇಟ್ಟು ನೋಡಿದರೆ ಪಾಪ, ಕುದುರೆಗೆ ಕಾಮಾಲೆ.

ಬಿಳಿ ಅಳಿಸೋದು ಕಷ್ಟವಲ್ಲ. ಯಾವ ಬಿಳಿ ಕಾಗದದ್ದು, ಯಾವ ಬಿಳಿ ವಸ್ತುವಿನದ್ದು ಅಂತ ಸಾಫ್ಟ್‌ವೇರಿಗೆ ಗೊತ್ತಿಲ್ಲ, ಅದನ್ನು ನಾವು ಹೇಳಿಕೊಡಬೇಕು. ಈ ಬರಹ ಪೂರ್ತಿ ಅದರ ಬಗ್ಗೆಯೇ. ನಾನು ಬಳಸುವುದು ಗಿಂಪ್ ಅನ್ನುವ, ಫೋಟೊ ತಿದ್ದುವ ಸಾಫ್ಟ್‌ವೇರ್. ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಬರ್ಕ್ಲಿಯಲ್ಲಿ ಓದುತ್ತಿದ್ದ ಇಬ್ಬರು ಹುಡುಗರು 1995ರಲ್ಲಿ ಶುರು ಮಾಡಿದ ಕೆಲಸ ಅದು. 2025ರ ಮಾರ್ಚ್‌ನಲ್ಲಿ 3.0 ಆವೃತ್ತಿ ಬಂತು. ನಿಮ್ಮ ಹತ್ತಿರ ಹಳೆಯ 2.10 ಇದ್ದರೂ ಇಲ್ಲಿ ಹೇಳಿದ್ದೆಲ್ಲ ನಡೆಯುತ್ತದೆ. ಫೋಟೊಶಾಪ್ ಇರುವವರಿಗೂ ಅಲ್ಲಲ್ಲಿ ಒಂದೊಂದು ಮಾತು ಹೇಳುತ್ತೇನೆ.

ಒಂದೇ ಸಲ ಒತ್ತಿದರೆ ಹಿನ್ನೆಲೆ ಹಾರಿಸುವ ಆ್ಯಪ್‌ಗಳು ಇವೆಯಲ್ಲ ಅಂತ ಕೇಳಬಹುದು. ಇವೆ, ಚೆನ್ನಾಗಿಯೂ ಇವೆ. ಐಫೋನ್‌ನಲ್ಲಿ 2022ರ ಐಒಎಸ್ 16ರಿಂದ ಫೋಟೊ ಮೇಲೆ ಬೆರಳು ಒತ್ತಿ ಹಿಡಿದರೆ ಸಾಕು, ವಸ್ತು ಎದ್ದು ಬರುತ್ತದೆ. ಮನುಷ್ಯರು, ನಾಯಿ, ಬೈಕು ಆದರೆ ಸುಮ್ನೆ ಅದನ್ನೇ ಬಳಸಿ. ಕೈಬರಹ, ಸಹಿ, ತೆಳ್ಳಗಿನ ಗೆರೆ, ನೆರಳು ಬಂದಾಗ ಮಾತ್ರ ಅವು ತಡಬಡಾಯಿಸುತ್ತವೆ. ಅಲ್ಲಿಗೆ ನಮ್ಮ ಕೈಯೇ ಬೇಕು.

ಬಿಳಿ ಅಂದರೆ ಎಷ್ಟು ಬಿಳಿ?

ಕೆಲಸ ಶುರು ಮಾಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಫೋಟೊ ತೆರೆಯಿರಿ. ಕೀಬೋರ್ಡಿನಲ್ಲಿ ‘ಓ’ ಒತ್ತಿದರೆ ಕಲರ್ ಪಿಕರ್ ಬರುತ್ತದೆ. ಶಿಫ್ಟ್ ಹಿಡಿದು ಬಿಳಿ ಜಾಗದ ಮೇಲೆ ಕ್ಲಿಕ್ ಮಾಡಿ. ಒಂದು ಪುಟ್ಟ ಕಿಟಕಿ ತೆರೆದು ಕೆಂಪು, ಹಸಿರು, ನೀಲಿಯ ಅಂಕಿ ತೋರಿಸುತ್ತದೆ. ಅಂಕಿಗಳು ಶೇಕಡಾದಲ್ಲಿ ಕಂಡರೆ ಅಲ್ಲೇ 0ರಿಂದ 255ರ ಅಳತೆಗೆ ಬದಲಿಸಿಕೊಳ್ಳಿ.

ಅಪ್ಪಟ ಬಿಳಿ ಅಂದರೆ ಮೂರೂ 255. ನನ್ನ ಕುದುರೆಯ ಫೋಟೊದಲ್ಲಿ ಕಿಟಕಿಯ ಕಡೆ 251, 250, 247 ಇತ್ತು. ಇನ್ನೊಂದು ಮೂಲೆಗೆ ಹೋದರೆ 214, 212, 206. ಕಣ್ಣಿಗೆ ಎರಡೂ ಬಿಳಿಯೇ. ಬಿಳಿ ಚಾರ್ಟ್ ಪೇಪರ್ ಮೇಲೆಯೇ ಕುದುರೆಯನ್ನು ನಿಲ್ಲಿಸಿದ್ದು ನಿಜ, ಆದರೆ ಬೆಳಕು ಒಂದು ಕಡೆಯಿಂದ ಬಂದರೆ ಇನ್ನೊಂದು ಕಡೆ ಬೂದು ಬಣ್ಣವೇ ಆಗುತ್ತದೆ. ಇದರ ಜೊತೆಗೆ ಜೆಪೆಗ್ ಅನ್ನುವ ಫೋಟೊ ಫೈಲಿನ ಕಾಟ. ಅದು ಚಿತ್ರವನ್ನು 8 ಗುಣಿಸು 8 ಪಿಕ್ಸೆಲ್‌ಗಳ (ಪಿಕ್ಸೆಲ್ ಅಂದರೆ ಚಿತ್ರದ ಅತಿ ಸಣ್ಣ ಬಣ್ಣದ ಚುಕ್ಕಿ) ತುಂಡು ಮಾಡಿ, ಒಂದೊಂದನ್ನೂ ಹಿಂಡಿ ಚಿಕ್ಕದು ಮಾಡುತ್ತದೆ. ವಸ್ತುವಿನ ಅಂಚಿನ ಸುತ್ತ ಅದರಿಂದ ಸಣ್ಣ ಕೊಳೆ ಉಳಿಯುತ್ತದೆ. 400% ಜೂಮ್ ಮಾಡಿ ನೋಡಿ. ಗೋಡೆಗೆ ಸುಣ್ಣ ಹೊಡೆದಾಗ ಕಿಟಕಿ ಚೌಕಟ್ಟಿನ ಸುತ್ತ ಉಳಿಯುವ ಕಲೆಯ ಹಾಗೆ ಕಾಣುತ್ತದೆ.

ಅದಕ್ಕೇ ಮೊದಲ ಮಾತು: ಮೂಲ ಫೋಟೊ ಕೈಯಲ್ಲಿದ್ದರೆ ಅದನ್ನೇ ಬಳಸಿ. ನಾಲ್ಕು ಗ್ರೂಪ್ ಸುತ್ತಿ ಬಂದ ಫೋಟೊದಲ್ಲಿ ಈ ಕೊಳೆ ಜಾಸ್ತಿ. ಮತ್ತೆ ಫೋಟೊ ತೆಗೆಯುವ ಅವಕಾಶ ಇದ್ದರೆ ಇನ್ನೂ ಒಳ್ಳೆಯದು. ಚಾರ್ಟ್ ಪೇಪರನ್ನು ಗೋಡೆಯಿಂದ ಮೇಜಿನ ಮೇಲಕ್ಕೆ ಮಡಿಕೆ ಬೀಳದ ಹಾಗೆ ಬಾಗಿಸಿ ಇಡಿ. ಕಿಟಕಿಯ ಎದುರು ಬದಿಗೆ ಇನ್ನೊಂದು ಬಿಳಿ ಹಾಳೆ ನಿಲ್ಲಿಸಿ. ಆ ಹಾಳೆ ಬೆಳಕನ್ನು ತಿರುಗಿಸಿ ಕತ್ತಲೆಯ ಮೂಲೆಗೆ ಕಳಿಸುತ್ತದೆ. ಐದು ನಿಮಿಷದ ಈ ಕೆಲಸ ಆಮೇಲಿನ ಅರ್ಧ ಗಂಟೆ ಉಳಿಸುತ್ತದೆ.

ಫೋಟೊ ಈಗಾಗಲೇ ಮಂಕಾಗಿದ್ದರೆ ಕಲರ್ಸ್ ಮೆನುವಿನಲ್ಲಿ ಲೆವೆಲ್ಸ್ ತೆರೆಯಿರಿ. ಅಲ್ಲಿ ಮೂರು ಪುಟ್ಟ ಡ್ರಾಪರ್‌ಗಳಿವೆ. ಬಿಳಿಯದನ್ನು ಆರಿಸಿ, ಕಾಗದದ ಸ್ವಲ್ಪ ಮಂಕಾದ ಜಾಗದ ಮೇಲೆ ಒತ್ತಿ. ಅದೂ, ಅದಕ್ಕಿಂತ ಬೆಳ್ಳಗಿರುವುದೂ ಎಲ್ಲ 255ಕ್ಕೆ ಏರುತ್ತದೆ. ಅತಿಯಾಗಿ ಮಾಡಬೇಡಿ, ವಸ್ತುವಿನ ತಿಳಿ ಬಣ್ಣಗಳೂ ಅದರ ಜೊತೆ ತೊಳೆದುಹೋಗುತ್ತವೆ.

ಕೈ ಹಾಕುವ ಮುನ್ನ ಎರಡು ಕೆಲಸ

ಒಂದು: ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಯಂಥ ಪದರ. ಬಲಗಡೆ ಲೇಯರ್‌ಗಳ ಪಟ್ಟಿಯಲ್ಲಿ ಮೂಲ ಚಿತ್ರದ ನಕಲು ಮಾಡಿಕೊಳ್ಳಿ. ಶಿಫ್ಟ್, ಕಂಟ್ರೋಲ್ ಮತ್ತು ‘ಡಿ’ ಒಟ್ಟಿಗೆ ಒತ್ತಿದರೆ ಆಯಿತು. ಕೆಳಗಿನದ್ದರ ಪಕ್ಕದ ಕಣ್ಣಿನ ಗುರುತು ಒತ್ತಿ ಅದನ್ನು ಮರೆ ಮಾಡಿ. ಅದು ನಿಮ್ಮ ಆಪತ್ಕಾಲದ ಗಂಟು. ಮುಟ್ಟಬೇಡಿ.

ಎರಡು: ಮೇಲಿನ ಲೇಯರ್ ಆರಿಸಿ, ಲೇಯರ್ ಮೆನುವಿನ ಟ್ರಾನ್ಸ್‌ಪರೆನ್ಸಿಯಲ್ಲಿ ‘ಆ್ಯಡ್ ಆಲ್ಫಾ ಚಾನೆಲ್’ ಒತ್ತಿ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಜೆಪೆಗ್‌ಗೆ ಪಾರದರ್ಶಕ ಅನ್ನುವುದೇ ಗೊತ್ತಿಲ್ಲ. ಅದರ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಅಂತ ಮೂರೇ ಅಂಕಿ. ಪಿಕ್ಸೆಲ್ ಎಷ್ಟು ಕಾಣಬೇಕು, ಎಷ್ಟು ಮಾಯವಾಗಬೇಕು ಅನ್ನುವುದಕ್ಕೆ ನಾಲ್ಕನೆಯ ಅಂಕಿ ಬೇಕು. ಅದೇ ಆಲ್ಫಾ. ಆಲ್ಫಾ ಇಲ್ಲದ ಲೇಯರ್‌ನಲ್ಲಿ ನೀವು ಎಷ್ಟು ಸಲ ಡಿಲೀಟ್ ಒತ್ತಿದರೂ ಹಿನ್ನೆಲೆಗೆ ಆರಿಸಿಟ್ಟ ಬಣ್ಣ ಬಂದು ಕೂರುತ್ತದೆ. ಆ ಬಣ್ಣ ಮೊದಲಿಂದಲೇ ಬಿಳಿ ಇರುವುದರಿಂದ, ಬಿಳಿ ಅಳಿಸಿದರೆ ಮತ್ತೆ ಬಿಳಿ! ಗಿಂಪ್ ಕೆಟ್ಟಿದೆ ಅಂತ ಬೈದುಕೊಳ್ಳುತ್ತಾ ಒಂದು ಇಡೀ ಸಂಜೆ ಕಳೆದವನು ನಾನು.

ಕುದುರೆಯನ್ನು ಬಿಡಿಸುವುದು

ಈಗ ‘ಯು’ ಒತ್ತಿ. ಫಜಿ ಸೆಲೆಕ್ಟ್ ಅಂತ ಇದರ ಹೆಸರು. ಫೋಟೊಶಾಪ್‌ನವರು ಇದನ್ನೇ ಮ್ಯಾಜಿಕ್ ವಾಂಡ್ ಅನ್ನುತ್ತಾರೆ. ಬಿಳಿ ಜಾಗದಲ್ಲಿ ಒಂದು ಕಡೆ ಒತ್ತಿದರೆ, ಅಲ್ಲಿಂದ ಶುರುವಾಗಿ ಅದೇ ಥರದ ಬಣ್ಣ ಎಲ್ಲಿಯವರೆಗೆ ಹರಡಿದೆಯೋ ಅಲ್ಲಿಯವರೆಗೆ ಆರಿಸುತ್ತದೆ. ಅಂಗಳಕ್ಕೆ ನೀರು ಚೆಲ್ಲಿದ ಹಾಗೆ. ಕಟ್ಟೆ ಸಿಕ್ಕಿದಲ್ಲಿ ನಿಲ್ಲುತ್ತದೆ.

ಇದರ ಪಕ್ಕದಲ್ಲೇ ಸೆಲೆಕ್ಟ್ ಬೈ ಕಲರ್ ಅನ್ನುವ ಇನ್ನೊಂದಿದೆ. ಅದು ನೀರಲ್ಲ, ಮಳೆ. ಇಡೀ ಚಿತ್ರದಲ್ಲಿ ಎಲ್ಲೆಲ್ಲಿ ಆ ಬಣ್ಣ ಇದೆಯೋ ಅಲ್ಲೆಲ್ಲ ಬೀಳುತ್ತದೆ. ನನ್ನ ಕುದುರೆಯ ಕಣ್ಣು ತೂತಾಗಿದ್ದು ಅದನ್ನು ಬಳಸಿದ್ದಕ್ಕೇ. ಕಣ್ಣಷ್ಟೇ ಅಲ್ಲ, ಚನ್ನಪಟ್ಟಣದ ಗೊಂಬೆಗೆ ಅರಗಿನ ಹೊಳಪು ಇರುತ್ತದಲ್ಲ, ಬೆನ್ನಿನ ಮೇಲೆ ಕಿಟಕಿಯ ಬೆಳಕು ಬಿದ್ದ ಜಾಗವೂ ಅಪ್ಪಟ ಬಿಳಿಯೇ. ಅದೂ ಹೋಗಿತ್ತು. ಗೊಂಬೆ, ಪಾತ್ರೆ, ಗಾಜಿನ ಬಳೆ, ಹೀಗೆ ಹೊಳೆಯುವ ಯಾವುದೇ ವಸ್ತುವಿಗೆ ಫಜಿ ಸೆಲೆಕ್ಟ್ ಒಳ್ಳೆಯದು.

ಟೂಲ್‌ನ ಆಯ್ಕೆಗಳಲ್ಲಿ ಥ್ರೆಷೋಲ್ಡ್ ಅನ್ನುವುದೇ ಮುಖ್ಯ. ಒತ್ತಿದ ಬಣ್ಣಕ್ಕೂ ಪಕ್ಕದ ಬಣ್ಣಕ್ಕೂ ಎಷ್ಟು ವ್ಯತ್ಯಾಸ ಇದ್ದರೂ ಪರವಾಗಿಲ್ಲ ಅಂತ ಅದು ಕೇಳುತ್ತದೆ. ಶುರುವಿನಲ್ಲಿ 15 ಇರುತ್ತದೆ. ಸಂಖ್ಯೆ ಬರೆಯುವುದಕ್ಕಿಂತ ನನಗೆ ಇಷ್ಟವಾದ ದಾರಿ ಬೇರೆ. ಬಿಳಿ ಮೇಲೆ ಮೌಸ್ ಒತ್ತಿ, ಬಿಡದೆ ಹಾಗೇ ಕೆಳಕ್ಕೆ ಎಳೆಯಿರಿ. ಎಳೆದಷ್ಟೂ ಥ್ರೆಷೋಲ್ಡ್ ಏರುತ್ತದೆ, ಆಯ್ಕೆ ಹರಡುವುದು ಕಣ್ಣೆದುರೇ ಕಾಣುತ್ತದೆ. ಮೇಲಕ್ಕೆ ಎಳೆದರೆ ಕುಗ್ಗುತ್ತದೆ. ಆಯ್ಕೆ ಕುದುರೆಯ ಮೈಯೊಳಗೆ ನುಗ್ಗುವ ಸ್ವಲ್ಪ ಮುಂಚೆ ನಿಲ್ಲಿಸಿ. ಒಂದೇ ಸಲಕ್ಕೆ ಎಲ್ಲವನ್ನೂ ಹಿಡಿಯುವ ಆಸೆ ಬೇಡ. ಉಳಿದ ಮೂಲೆಗಳನ್ನು ಶಿಫ್ಟ್ ಹಿಡಿದು ಒಂದೊಂದಾಗಿ ಸೇರಿಸಿ. ಕಾಲುಗಳ ನಡುವಿನ ಜಾಗ, ಕಿವಿಗಳ ನಡುವಿನ ಸಂದು, ಇವೆಲ್ಲ ಪ್ರತ್ಯೇಕ ಅಂಗಳಗಳು. ಅವುಗಳಿಗೂ ಒಂದೊಂದು ಒತ್ತು ಬೇಕು. ತಪ್ಪಿ ಒಳಗೆ ನುಗ್ಗಿದ್ದರೆ ಕಂಟ್ರೋಲ್ ಹಿಡಿದು ಆ ಜಾಗ ಒತ್ತಿದರೆ ಆಯ್ಕೆಯಿಂದ ಹೊರಬರುತ್ತದೆ.

ಈಗ ಡಿಲೀಟ್ ಒತ್ತಲು ಕೈ ತುರಿಸುತ್ತದೆ. ಒತ್ತಬೇಡಿ. ಅಳಿಸಿದ್ದು ಹೋಯಿತು ಅಂದರೆ ಹೋಯಿತು. ಅದರ ಬದಲು ಮಾಸ್ಕ್ ಹಾಕಿ. ಲೇಯರ್ ಮೆನುವಿನ ಮಾಸ್ಕ್‌ನಲ್ಲಿ ‘ಆ್ಯಡ್ ಲೇಯರ್ ಮಾಸ್ಕ್’ ಇದೆ. ಅಲ್ಲಿ ‘ಸೆಲೆಕ್ಷನ್’ ಆರಿಸಿ, ಕೆಳಗಿನ ‘ಇನ್ವರ್ಟ್ ಮಾಸ್ಕ್’ಗೆ ಟಿಕ್ ಹಾಕಿ, ಓಕೆ ಕೊಡಿ. ನಾವು ಆರಿಸಿದ್ದು ಹಿನ್ನೆಲೆ, ಉಳಿಸಬೇಕಾದ್ದು ಕುದುರೆ. ಅದಕ್ಕೇ ಈ ತಿರುವು. ಹಿನ್ನೆಲೆ ಮಾಯವಾಗಿ ಬೂದು ಚೌಕಳಿ ಕಾಣುತ್ತದೆ. ಚೌಕಳಿ ಅಂದರೆ ಅಲ್ಲಿ ಏನೂ ಇಲ್ಲ ಅಂತ ಅರ್ಥ. ಚಿತ್ರದಲ್ಲಿ ಅದು ಪ್ರಿಂಟ್ ಆಗುವುದಿಲ್ಲ.

ಮಾಸ್ಕ್ ಅಂದರೆ ಕಪ್ಪು ಬಿಳುಪಿನ ಒಂದು ಚಿತ್ರ, ಅಷ್ಟೇ. ಬಿಳಿ ಇರುವಲ್ಲಿ ಲೇಯರ್ ಕಾಣುತ್ತದೆ, ಕಪ್ಪು ಇರುವಲ್ಲಿ ಮರೆಯಾಗುತ್ತದೆ, ಬೂದು ಇರುವಲ್ಲಿ ಅರ್ಧಂಬರ್ಧ. ಲೇಯರ್ ಪಟ್ಟಿಯಲ್ಲಿ ಮಾಸ್ಕ್‌ನ ಪುಟ್ಟ ಚಿತ್ರದ ಮೇಲೆ ಒತ್ತಿ. ಕುದುರೆಯ ಕಿವಿಯ ತುದಿ ಕತ್ತರಿಸಿ ಹೋಗಿದ್ದರೆ ಅಲ್ಲಿ ಬ್ರಷ್ಷಿನಿಂದ ಬಿಳಿ ಬಳಿಯಿರಿ, ಕಿವಿ ಮರಳಿ ಬರುತ್ತದೆ. ಕಾಗದದ ಚೂರು ಉಳಿದಿದ್ದರೆ ಕಪ್ಪು ಬಳಿಯಿರಿ. ‘ಡಿ’ ಒತ್ತಿದರೆ ಬಣ್ಣ ಕಪ್ಪು ಬಿಳುಪಿಗೆ ಬರುತ್ತದೆ, ‘ಎಕ್ಸ್’ ಒತ್ತಿದರೆ ಎರಡೂ ಅದಲು ಬದಲಾಗುತ್ತವೆ. ಬ್ರಷ್ಷು ಏನೂ ಮಾಡುತ್ತಿಲ್ಲ ಅನ್ನಿಸಿದರೆ ಆಯ್ಕೆಯ ಗೆರೆ ಇನ್ನೂ ಹರಿದಾಡುತ್ತಿದೆಯಾ ನೋಡಿ. ಶಿಫ್ಟ್, ಕಂಟ್ರೋಲ್, ‘ಎ’ ಒತ್ತಿ ಅದನ್ನು ತೆಗೆದುಹಾಕಿ. ಬ್ರಷ್ಷು ಕುದುರೆಯ ಮೇಲೆ ನಿಜವಾಗಿಯೇ ಬಣ್ಣ ಬಳಿದರೆ, ಮಾಸ್ಕ್ ಬದಲು ಚಿತ್ರ ಆರಿಸಿದ್ದೀರಿ ಅಂತ. ಕಂಟ್ರೋಲ್ ‘ಝಡ್’ ಒತ್ತಿ ಹಿಂದೆ ಬನ್ನಿ.

ಅಂಚಿನ ಬಿಳಿ ಗೆರೆ

ಚೌಕಳಿಯ ಮೇಲೆ ಎಲ್ಲವೂ ಚೆಂದವೇ. ನಿಜ ಗೊತ್ತಾಗಬೇಕಾದರೆ ಕೆಳಗೆ ಹೊಸ ಲೇಯರ್ ಹಾಕಿ, ಗಾಢ ಹಸಿರೋ ಕಪ್ಪೋ ತುಂಬಿ. ಕುದುರೆಯ ಸುತ್ತ ತೆಳ್ಳಗೆ ಬಿಳಿ ಗೆರೆ ಕಾಣುತ್ತದೆ. ಹಬ್ಬದ ಪೋಸ್ಟರ್‌ಗಳಲ್ಲಿ ಗಣ್ಯರ ತಲೆಯ ಸುತ್ತ ಪ್ರಭಾವಳಿಯ ಹಾಗೆ ಇರುತ್ತದಲ್ಲ, ಅದೇ.

ಅದು ಎಲ್ಲಿಂದ ಬರುತ್ತದೆ ಅಂತ ತಿಳಿದರೆ ತೆಗೆಯುವುದು ಸುಲಭ. ಕುದುರೆಯ ಕೆಂಪು 200, 30, 30 ಅಂತ ಇಟ್ಟುಕೊಳ್ಳಿ. ಕಾಗದ 255, 255, 255. ಅಂಚಿನಲ್ಲಿ ಒಂದು ಪಿಕ್ಸೆಲ್ ಅರ್ಧ ಕುದುರೆಯ ಮೇಲೆ, ಅರ್ಧ ಕಾಗದದ ಮೇಲೆ ಬಿದ್ದಿದೆ. ಕ್ಯಾಮೆರಾ ಎರಡನ್ನೂ ಕಲಸಿ 228, 143, 143 ಅಂತ ಬರೆದುಕೊಳ್ಳುತ್ತದೆ. ಅಂದರೆ ತಿಳಿ ಗುಲಾಬಿ. ಬಿಳಿ ಕಾಗದದ ಮೇಲೆ ಅದು ಸಹಜವಾಗಿ ಕಾಣುತ್ತಿತ್ತು. ಹಸಿರಿನ ಮೇಲೆ ಬಂದಾಗ ಎದ್ದು ಹೊಡೆಯುತ್ತದೆ. ಕಾಗದ ಹೋದರೂ ಕಾಗದದ ಬಣ್ಣ ಅಂಚಿನಲ್ಲಿ ಅಂಟಿಕೊಂಡೇ ಇದೆ.

ಸುಲಭದ ದಾರಿ, ಅಂಚನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ತಳ್ಳುವುದು. ಮಾಸ್ಕ್ ಹಾಕುವ ಮುಂಚೆಯೇ, ಹಿನ್ನೆಲೆ ಆರಿಸಿರುವಾಗ ಸೆಲೆಕ್ಟ್ ಮೆನುವಿನ ‘ಗ್ರೋ’ನಲ್ಲಿ 1 ಕೊಡಿ. ಈಗಾಗಲೇ ಮಾಸ್ಕ್ ಹಾಕಿ ಆಗಿದ್ದರೆ ಮಾಸ್ಕ್ ಆರಿಸಿ, ಅಂಚು ಮಸುಕು ಮಾಡುವ ಗೌಸಿಯನ್ ಬ್ಲರ್ 1 ಪಿಕ್ಸೆಲ್‌ನಷ್ಟು ಕೊಡಿ. ಆಮೇಲೆ ಮಾಸ್ಕ್ ಮೇಲೆಯೇ ಲೆವೆಲ್ಸ್ ತೆರೆದು ಕಪ್ಪು ತ್ರಿಕೋನವನ್ನು ನಿಧಾನಕ್ಕೆ ಬಲಕ್ಕೆ ಎಳೆಯಿರಿ. ಅಂಚು ಒಳಕ್ಕೆ ಸರಿಯುವುದು ಕಾಣುತ್ತದೆ. ಕುದುರೆಯಂಥ ಗಟ್ಟಿ ಅಂಚಿನ ವಸ್ತುವಿಗೆ ಇಷ್ಟು ಸಾಕು. ಫೋಟೊಶಾಪ್‌ನಲ್ಲಿ ಲೇಯರ್ ಮೆನುವಿನ ಮ್ಯಾಟಿಂಗ್‌ನಲ್ಲಿ ‘ಡಿಫ್ರಿಂಜ್’ ಇದೆ, ‘ರಿಮೂವ್ ವೈಟ್ ಮ್ಯಾಟ್’ ಅಂತಲೂ ಇದೆ.

ಗಿಂಪ್‌ನಲ್ಲಿ ಇದಕ್ಕಿಂತ ಚೆಂದದ ಒಂದು ದಾರಿ ಇದೆ. ಫೋಟೊದ ಇನ್ನೊಂದು ನಕಲಿನ ಮೇಲೆ ಮಾಡಿ, ಏಕೆಂದರೆ ಇದು ಪಿಕ್ಸೆಲ್‌ಗಳನ್ನೇ ಬದಲಿಸುತ್ತದೆ. ಫಜಿ ಸೆಲೆಕ್ಟ್‌ನಿಂದ ಹಿನ್ನೆಲೆ ಆರಿಸಿ. ಗ್ರೋ 2 ಕೊಡಿ. ಈಗ ಆಯ್ಕೆ ಕುದುರೆಯ ಅಂಚನ್ನು ಸ್ವಲ್ಪ ನುಂಗಿರುತ್ತದೆ. ಆಮೇಲೆ ಕಲರ್ಸ್ ಮೆನುವಿನಲ್ಲಿ ‘ಕಲರ್ ಟು ಆಲ್ಫಾ’ ತೆರೆದು ಬಿಳಿ ಬಣ್ಣ ಕೊಡಿ. ಇದು ಪಿಕ್ಸೆಲ್‌ನಲ್ಲಿ ಬಿಳಿಯ ಪಾಲು ಎಷ್ಟು ಅಂತ ಲೆಕ್ಕ ಹಾಕಿ, ಅಷ್ಟನ್ನು ಬಣ್ಣದಿಂದ ಕಿತ್ತು, ಪಾರದರ್ಶಕತೆಯ ಖಾತೆಗೆ ಬರೆಯುತ್ತದೆ. ಆ ತಿಳಿ ಗುಲಾಬಿ ಪಿಕ್ಸೆಲ್ ಈಗ ಅರ್ಧದಷ್ಟು ಕಾಣುವ ಕೆಂಪು. ಹಸಿರಿನ ಮೇಲಿಟ್ಟರೆ ಹಸಿರಿನ ಜೊತೆ ಬೆರೆಯುತ್ತದೆ, ಹಳದಿಯ ಮೇಲಿಟ್ಟರೆ ಹಳದಿಯ ಜೊತೆ. ಬಿಳಿ ಗೆರೆಯ ಮಾತೇ ಇಲ್ಲ. ಕಣ್ಣಿನ ಬಿಳಿ ಆಯ್ಕೆಯ ಒಳಗೆ ಇಲ್ಲವಾದ್ದರಿಂದ ಅದಕ್ಕೂ ಏನೂ ಆಗುವುದಿಲ್ಲ.

ನೆರಳನ್ನು ಬಿಡಬೇಡಿ

ಕುದುರೆಯನ್ನು ಕತ್ತರಿಸಿ ಬ್ಯಾನರ್ ಮೇಲೆ ಇಟ್ಟಾಗ ಅದು ಗಾಳಿಯಲ್ಲಿ ತೇಲಿತು. ಕಾಲ ಕೆಳಗೆ ನೆರಳು ಇಲ್ಲ, ಅದಕ್ಕೆ. ನಕಲಿ ನೆರಳು ಬಳಿಯುವವರು ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಫೋಟೊದಲ್ಲಿ ನಿಜವಾದ ನೆರಳೇ ಇರುವಾಗ ಅದನ್ನೇ ಉಳಿಸಿಕೊಳ್ಳಬಹುದು.

ಎರಡು ಲೇಯರ್ ಬೇಕು. ಮೇಲಿನದ್ದರಲ್ಲಿ ಮಾಸ್ಕ್ ಹಾಕಿದ ಕುದುರೆ, ನೆರಳು ಇಲ್ಲದೆ. ಕೆಳಗಿನದ್ದು ಇಡೀ ಫೋಟೊದ ನಕಲು. ಕೆಳಗಿನದ್ದಕ್ಕೆ ಮೊದಲು ಕಲರ್ಸ್ ಮೆನುವಿನ ಡಿಸ್ಯಾಚುರೇಟ್‌ನಿಂದ ಬಣ್ಣ ತೆಗೆಯಿರಿ, ಇಲ್ಲದಿದ್ದರೆ ಕುದುರೆಯ ಕೆಂಪು ನೆರಳಿಗೂ ಸ್ವಲ್ಪ ತಾಗಿರುತ್ತದೆ. ಲೆವೆಲ್ಸ್‌ನಲ್ಲಿ ಕಾಗದವನ್ನು ಅಪ್ಪಟ ಬಿಳಿ ಮಾಡಿ. ಆಮೇಲೆ ಆಯ್ಕೆ ಏನೂ ಇಲ್ಲದೆ, ಇಡೀ ಲೇಯರ್‌ಗೆ ಕಲರ್ ಟು ಆಲ್ಫಾ ಕೊಡಿ. ಕಾಗದ ಪೂರ್ತಿ ಹೋಗುತ್ತದೆ. ಬೂದು ನೆರಳು ಮಾತ್ರ ತೆಳ್ಳಗಿನ ಕಪ್ಪು ಹೊಗೆಯ ಹಾಗೆ ಉಳಿಯುತ್ತದೆ. ಕುದುರೆಯ ಜಾಗದಲ್ಲೂ ಏನೇನೋ ಉಳಿದಿರುತ್ತದೆ, ಅದನ್ನು ಮೇಲಿನ ಕುದುರೆ ಮುಚ್ಚುತ್ತದೆ. ಈಗ ಹಳದಿಯ ಮೇಲಿಟ್ಟರೆ ನೆರಳು ಬಿದ್ದ ಕಡೆ ಹಳದಿ ಕಂದಾಗುತ್ತದೆ. ಕುದುರೆ ನೆಲಕ್ಕೆ ಕಾಲೂರಿತು.

ಅಕ್ಷರ: ಸೊನ್ನೆಯೊಳಗಿನ ಬಿಳಿ

ಇನ್ನು ಆ ‘ಗೊಂಬೆ ಅಂಗಡಿ’. ಕೈಬರಹಕ್ಕೆ ಫಜಿ ಸೆಲೆಕ್ಟ್ ಹಚ್ಚಿದರೆ ಏನಾಗುತ್ತದೆ ಗೊತ್ತಾ? ಹೊರಗಿನ ಬಿಳಿ ಹೋಗುತ್ತದೆ. ‘ಗೊಂ’ ಮತ್ತು ‘ಅಂ’ನ ಸೊನ್ನೆಗಳೊಳಗೆ ಬಿಳಿ ಹಾಗೇ ಕೂತಿರುತ್ತದೆ. ಕನ್ನಡ ಲಿಪಿಯೇ ದುಂಡು ದುಂಡು. ಸೊನ್ನೆ, ‘ಠ’, ‘ರ’, ಸುತ್ತಿ ಬಂದು ಮುಚ್ಚಿಕೊಳ್ಳುವ ಪ್ರತಿ ಸುಳಿಯೂ ಒಂದು ಬಾವಿ. ಹೊರಗಿನ ನೀರು ಅದರೊಳಗೆ ಹೋಗುವುದಿಲ್ಲ. ನಾಲ್ಕು ಅಕ್ಷರ ಆದರೆ ಶಿಫ್ಟ್ ಹಿಡಿದು ಒಂದೊಂದೇ ಒತ್ತಬಹುದು. ಮದುವೆ ಕಾಗದದ ಇಡೀ ಒಕ್ಕಣೆ ಕೈಬರಹದಲ್ಲಿದ್ದರೆ ಆ ಕೆಲಸ ಮುಗಿಯುವುದರೊಳಗೆ ಮದುವೆಯೇ ಮುಗಿದಿರುತ್ತದೆ.

ಇಲ್ಲಿ ಮಳೆಯೇ ಸರಿ. ಕಾಗದದ ಮೇಲಿನ ಕಪ್ಪು ಅಕ್ಷರದಲ್ಲಿ ಬಿಳಿ ಅನ್ನುವುದೆಲ್ಲ ಕಾಗದದ್ದೇ. ಕುದುರೆಯ ಕಣ್ಣಿನ ಹಾಗೆ ಉಳಿಸಬೇಕಾದ ಬಿಳಿ ಇಲ್ಲ. ಆದ್ದರಿಂದ ಆಯ್ಕೆಯ ಗೊಡವೆಯೇ ಬೇಡ, ನೇರವಾಗಿ ಇಡೀ ಲೇಯರ್‌ಗೆ ಕಲರ್ ಟು ಆಲ್ಫಾ. ಕ್ರಮ ಹೀಗೆ:

1. ಅಕ್ಷರವನ್ನು ಸ್ಕ್ಯಾನ್ ಮಾಡಿ. ಫೋನೇ ಗತಿಯಾದರೆ ನೇರ ಮೇಲಿನಿಂದ, ನಿಮ್ಮ ಕೈಯ ನೆರಳು ಬೀಳದ ಹಾಗೆ ಫೋಟೊ ತೆಗೆಯಿರಿ.
2. ಲೆವೆಲ್ಸ್‌ನಲ್ಲಿ ಬಿಳಿ ಡ್ರಾಪರ್ ಕಾಗದದ ಮೇಲೆ, ಕಪ್ಪು ಡ್ರಾಪರ್ ಶಾಯಿಯ ಅತಿ ದಟ್ಟ ಜಾಗದ ಮೇಲೆ ಒತ್ತಿ.
3. ಕಲರ್ ಟು ಆಲ್ಫಾ ತೆರೆಯಿರಿ, ಬಣ್ಣ ಬಿಳಿ.
4. ಕಾಗದದ ನಾರು, ಕಲೆ ಮಸುಕಾಗಿ ಉಳಿದಿದ್ದರೆ ‘ಟ್ರಾನ್ಸ್‌ಪರೆನ್ಸಿ ಥ್ರೆಷೋಲ್ಡ್’ ಸ್ವಲ್ಪ ಏರಿಸಿ. ಬಿಳಿಗೆ ಅಷ್ಟು ಹತ್ತಿರ ಇರುವುದೆಲ್ಲ ಪೂರ್ತಿ ಮಾಯವಾಗುತ್ತದೆ.
5. ಅಕ್ಷರವೇ ಮಂಕಾಗಿ, ಒಳಗಿನಿಂದ ಹಿನ್ನೆಲೆ ಇಣುಕುತ್ತಿದ್ದರೆ ‘ಒಪ್ಯಾಸಿಟಿ ಥ್ರೆಷೋಲ್ಡ್’ ಇಳಿಸಿ, ಶಾಯಿ ಗಟ್ಟಿಯಾಗುತ್ತದೆ.

ಕೊನೆಯ ಎರಡರಲ್ಲಿ ಆತುರ ಬೇಡ. ಬ್ರಷ್ ಬರಹದ ಅಂದ ಇರುವುದೇ ಶಾಯಿ ತೀರುತ್ತಾ ಬಂದಾಗ ಬೀಳುವ ಒಣ ಎಳೆಗಳಲ್ಲಿ. 128ರ ಬೂದು ಎಳೆ ಕಲರ್ ಟು ಆಲ್ಫಾದಿಂದ ಸುಮಾರು ಅರ್ಧ ಕಾಣುವ ಕಪ್ಪಾಗುತ್ತದೆ. ಅದು ಸರಿಯಾದದ್ದೇ. ಎರಡೂ ಥ್ರೆಷೋಲ್ಡ್‌ಗಳನ್ನು ಜಗ್ಗಿದರೆ ಎಳೆ ಒಂದೋ ಪೂರ್ತಿ ಕಪ್ಪು, ಇಲ್ಲ ಪೂರ್ತಿ ಇಲ್ಲ. ಆಗ ಅದು ಬರಹ ಅಲ್ಲ, ರಬ್ಬರ್ ಸ್ಟ್ಯಾಂಪು.

ಇನ್ನೊಂದು ಲಾಭ ಇದೆ. ಲೇಯರ್ ಪಟ್ಟಿಯಲ್ಲಿ ‘ಲಾಕ್ ಆಲ್ಫಾ’ ಒತ್ತಿ, ದೊಡ್ಡ ಬ್ರಷ್ಷಿನಿಂದ ಯಾವ ಬಣ್ಣ ಬೇಕಾದರೂ ಬಳಿಯಿರಿ. ಅಕ್ಷರದ ಆಕಾರ ಬಿಟ್ಟು ಬಣ್ಣ ಹೊರಗೆ ಹೋಗುವುದೇ ಇಲ್ಲ. ನನ್ನ ಬೋರ್ಡು ಕಪ್ಪು ಶಾಯಿಯಲ್ಲಿ ಹುಟ್ಟಿ ಕುಂಕುಮ ಬಣ್ಣದಲ್ಲಿ ಪ್ರಿಂಟಾಯಿತು.

ಸಹಿಗೂ ಇದೇ ಕ್ರಮ. ನೀಲಿ ಪೆನ್ನಿನ ಸಹಿಯಾದರೆ ಎರಡನೆಯ ಹೆಜ್ಜೆಯಲ್ಲಿ ಕಪ್ಪು ಡ್ರಾಪರ್ ಬಿಟ್ಟುಬಿಡಿ, ಇಲ್ಲದಿದ್ದರೆ ನೀಲಿ ಹೋಗಿ ಕಪ್ಪಾಗುತ್ತದೆ. ಒಂದು ಎಚ್ಚರ: ಹಿನ್ನೆಲೆ ಇಲ್ಲದ ಸಹಿಯನ್ನು ಯಾರು ಬೇಕಾದರೂ ಯಾವ ಕಾಗದದ ಮೇಲೆ ಬೇಕಾದರೂ ಕೂರಿಸಬಹುದು. ಅದನ್ನು ಗ್ರೂಪ್‌ನಲ್ಲಿ ಹಾಕಬೇಡಿ. ಸಹಿಯ ಹಿನ್ನೆಲೆ ತೆಗೆಯಲು ಯಾವುದೋ ಗೊತ್ತಿಲ್ಲದ ಜಾಲತಾಣಕ್ಕೆ ಅಪ್‌ಲೋಡ್ ಮಾಡುವುದಂತೂ ಬೇಡವೇ ಬೇಡ.

ಬಿಳಿಯ ಮೇಲೆ ಬಿಳಿ

ಮಲ್ಲಿಗೆ ದಂಡೆಯನ್ನು ಬಿಳಿ ಕಾಗದದ ಮೇಲಿಟ್ಟು ಫೋಟೊ ತೆಗೆದು ‘ಹಿನ್ನೆಲೆ ತೆಗೆದುಕೊಡು’ ಅಂದರು ಒಬ್ಬರು. ಬಿಳಿ ಪಂಚೆ ಉಟ್ಟು ಬಿಳಿ ಗೋಡೆಗೆ ಒರಗಿ ನಿಂತವರ ಫೋಟೊಗಳೂ ಬರುತ್ತವೆ. ಮತ್ತೆ ತೆಗೆಯಲು ಆಗುವುದಾದರೆ ಮಲ್ಲಿಗೆಗೆ ಕಪ್ಪು ಅಥವಾ ಬೂದು ಬಟ್ಟೆ ಹಾಸಿ. ಬಣ್ಣದ ಹಾಳೆ ಬೇಡ, ಹಾಳೆಯ ಬಣ್ಣ ಎಸಳಿಗೂ ಬಡಿಯುತ್ತದೆ.

ಆಗದಿದ್ದರೆ ಹೀಗೆ ಮಾಡಿ. ಲೇಯರ್‌ನ ನಕಲು ತೆಗೆದು, ಅದರ ಲೆವೆಲ್ಸ್‌ನಲ್ಲಿ ಕಪ್ಪು ತ್ರಿಕೋನವನ್ನು 200ರ ಆಚೆಗೆ ಎಳೆಯಿರಿ. ಚಿತ್ರ ಭಯಂಕರವಾಗಿ ಕಾಣುತ್ತದೆ, ಪರವಾಗಿಲ್ಲ. 250ರ ಬಿಳಿಗೂ 240ರ ಬಿಳಿಗೂ ಇದ್ದ ಸಣ್ಣ ವ್ಯತ್ಯಾಸ ಈಗ ಕಣ್ಣಿಗೆ ಹೊಡೆಯುತ್ತದೆ, ಎಸಳಿನ ಅಂಚು ಎದ್ದು ಬರುತ್ತದೆ. ಈ ಕೆಟ್ಟ ನಕಲಿನ ಮೇಲೆಯೇ ಆಯ್ಕೆ ಮಾಡಿ. ಆಮೇಲೆ ಮೂಲ ಲೇಯರ್ ಆರಿಸಿ ಮಾಸ್ಕ್ ಹಾಕಿ. ಆಯ್ಕೆ ಅನ್ನುವುದು ಇಡೀ ಚಿತ್ರಕ್ಕೆ ಸೇರಿದ್ದು, ಯಾವ ಲೇಯರ್ ಮೇಲೆ ಮಾಡಿದರೂ ಇನ್ನೊಂದರಲ್ಲಿ ಬಳಸಬಹುದು. ಕೆಲಸ ಆದಮೇಲೆ ಆ ನಕಲನ್ನು ಎಸೆಯಿರಿ.

ಪಂಚೆಯಂಥ ಉದ್ದನೆಯ ಅಂಚಿಗೆ ‘ಬಿ’ ಒತ್ತಿ ಪಾತ್ಸ್ ಟೂಲ್ ಬಳಸುವುದೇ ಒಳ್ಳೆಯದು. ಅಂಚಿನ ಉದ್ದಕ್ಕೂ ಚುಕ್ಕಿ ಇಡುತ್ತಾ ಹೋಗಿ, ರಂಗೋಲಿಯ ಹಾಗೆ. ಬಾಗುವ ಕಡೆ ಎಳೆದು ಬಾಗಿಸಿ. ಶುರು ಮಾಡಿದ ಚುಕ್ಕಿಗೆ ಕಂಟ್ರೋಲ್ ಹಿಡಿದು ಒತ್ತಿದರೆ ಸುತ್ತು ಮುಚ್ಚುತ್ತದೆ, ಎಂಟರ್ ಒತ್ತಿದರೆ ಆಯ್ಕೆಯಾಗುತ್ತದೆ. ಈಗ ಆಯ್ಕೆಯಾಗಿರುವುದು ವಸ್ತುವೇ. ಹಾಗಾಗಿ ಮಾಸ್ಕ್ ಹಾಕುವಾಗ ಇನ್ವರ್ಟ್ ಟಿಕ್ ಬೇಡ. ಹತ್ತು ನಿಮಿಷ ಹಿಡಿಯುತ್ತದೆ. ಆದರೆ ಸಾಫ್ಟ್‌ವೇರಿಗೇ ಅಂಚು ಕಾಣದಿದ್ದಾಗ ನಿಮ್ಮ ಕಣ್ಣನ್ನೇ ನಂಬಬೇಕು.

ಕೆಲವು ಸಲ ತೆಗೆಯುವುದೇ ಬೇಡ

ಪೋಸ್ಟರ್ ಕೂಡ ನೀವೇ ಗಿಂಪ್‌ನಲ್ಲೋ ಫೋಟೊಶಾಪ್‌ನಲ್ಲೋ ಮಾಡುತ್ತಿದ್ದೀರಿ, ಅದರ ಬಣ್ಣ ತಿಳಿಯಾಗಿದೆ, ಮೇಲೆ ಕೂರಿಸಬೇಕಾದ್ದು ಕಪ್ಪು ಬರಹ. ಹಾಗಿದ್ದರೆ ಬರಹದ ಲೇಯರ್‌ನ ಮೋಡ್ ಅನ್ನು ‘ಮಲ್ಟಿಪ್ಲೈ’ಗೆ ಬದಲಿಸಿ. ಬಿಳಿ ತಾನಾಗಿಯೇ ಮಾಯ! ಕೆಳಗಿನ ಬಣ್ಣವನ್ನು ಮೇಲಿನದ್ದರಿಂದ ಗುಣಿಸುವ ಲೆಕ್ಕ ಅದು. ಬಿಳಿ ಅಂದರೆ ಒಂದು, ಒಂದರಿಂದ ಗುಣಿಸಿದರೆ ಇದ್ದದ್ದು ಹಾಗೇ ಇರುತ್ತದೆ. ಕಪ್ಪು ಅಂದರೆ ಸೊನ್ನೆ, ಗುಣಿಸಿದರೆ ಕಪ್ಪೇ. ಗಾಢ ಬಣ್ಣದ ಪೋಸ್ಟರ್‌ಗೆ ಇದು ಆಗುವುದಿಲ್ಲ, ಬರಹವೂ ಕತ್ತಲಲ್ಲಿ ಕರಗಿಹೋಗುತ್ತದೆ. ಮೊದಲ ಬ್ಯಾನರ್ ಹೊತ್ತಿಗೆ ಇದು ಗೊತ್ತಿದ್ದಿದ್ದರೆ ಆ ತೇಪೆ ಬೀಳುತ್ತಲೇ ಇರಲಿಲ್ಲ.

ಉಳಿಸುವುದು, ಕಳಿಸುವುದು

ಕಂಟ್ರೋಲ್ ‘ಎಸ್’ ಒತ್ತಿದರೆ ಗಿಂಪ್ ತನ್ನದೇ ಎಕ್ಸ್‌ಸಿಎಫ್ ಫೈಲಾಗಿ ಉಳಿಸುತ್ತದೆ. ಲೇಯರ್, ಮಾಸ್ಕ್ ಎಲ್ಲ ಅದರಲ್ಲಿರುತ್ತವೆ. ಇದನ್ನು ಇಟ್ಟುಕೊಳ್ಳಿ, ನಾಳೆ ‘ಕುದುರೆಯ ಬಾಲ ಸ್ವಲ್ಪ ಕತ್ತರಿಸಿದೆ’ ಅಂತ ಫೋನ್ ಬರುತ್ತದೆ.

ಹೊರಗೆ ಕೊಡುವ ಮುಂಚೆ, ಪರೀಕ್ಷೆಗೆ ಹಾಕಿದ ಹಸಿರು ಲೇಯರನ್ನೂ ಮೂಲ ಫೋಟೊವನ್ನೂ ಮರೆ ಮಾಡಿ. ಚೌಕಳಿ ಕಾಣುತ್ತಿರಬೇಕು. ಇಮೇಜ್ ಮೆನುವಿನ ‘ಕ್ರಾಪ್ ಟು ಕಂಟೆಂಟ್’ ಕೊಟ್ಟರೆ ಸುತ್ತಲಿನ ಖಾಲಿ ಜಾಗ ಹೋಗುತ್ತದೆ. ಆಮೇಲೆ ಶಿಫ್ಟ್, ಕಂಟ್ರೋಲ್, ‘ಇ’ ಒತ್ತಿ ಎಕ್ಸ್‌ಪೋರ್ಟ್ ಮಾಡಿ. ಹೆಸರಿನ ಕೊನೆಗೆ ಚುಕ್ಕಿ ಪಿಎನ್‌ಜಿ ಅಂತ ಇರಲಿ. ಪಿಎನ್‌ಜಿಯಲ್ಲಿ ಪಾರದರ್ಶಕತೆಗೆ 256 ಮೆಟ್ಟಿಲುಗಳಿವೆ. ಗಿಫ್‌ನಲ್ಲಿ ಇರುವುದು ಎರಡೇ, ಕಾಣು ಇಲ್ಲವೇ ಮಾಯವಾಗು. ನಾವು ಇಷ್ಟು ಕಷ್ಟಪಟ್ಟು ಉಳಿಸಿದ ನೆರಳು, ಒಣ ಎಳೆಗಳು ಗಿಫ್‌ನಲ್ಲಿ ಮೊಂಡಾಗುತ್ತವೆ. ಅಂದಹಾಗೆ, ಪಿಎನ್‌ಜಿ ಹುಟ್ಟಿದ್ದೇ ಗಿಫ್‌ನ ಪೇಟೆಂಟ್ ಜಗಳದಿಂದ ಬೇಸತ್ತವರ ಕೈಯಲ್ಲಿ, 1995ರಲ್ಲಿ. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಕಂಪ್ರೆಷನ್ 9 ಇದ್ದರೆ ಹೆದರಬೇಡಿ, ಪಿಎನ್‌ಜಿ ಎಷ್ಟು ಹಿಂಡಿದರೂ ಒಂದು ಪಿಕ್ಸೆಲ್ಲೂ ಕೆಡುವುದಿಲ್ಲ.

ಕೊನೆಗೆ ಕಳಿಸುವಾಗ ಒಂದು ಸಣ್ಣ ವಿಷಯಕ್ಕೆ ಎಲ್ಲ ಹಾಳಾಗಬಹುದು. ಮೆಸೇಜ್ ಆ್ಯಪ್‌ನಲ್ಲಿ ಇದನ್ನು ಫೋಟೊ ಅಂತ ಕಳಿಸಿದರೆ ಸಾಮಾನ್ಯವಾಗಿ ಜೆಪೆಗ್ ಆಗಿಬಿಡುತ್ತದೆ. ಆಲ್ಫಾ ಹೋಯಿತು, ಹಿಂದೆ ಬಿಳಿಯೋ ಕಪ್ಪೋ ಬಂದು ಕೂತಿತು. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲ ಇಮೇಲ್ ಮಾಡಿ. ಪ್ರಿಂಟಿಂಗ್ ಅಂಗಡಿಯವರು ತೆರೆದ ಮೇಲೆ ಬ್ಯಾನರ್ ಬಣ್ಣದ ಮೇಲಿಟ್ಟು ಒಂದು ಸ್ಕ್ರೀನ್‌ಶಾಟ್ ಕಳಿಸಿ ಅಂತ ಕೇಳಿ. ನನಗೆ ಬಂದ ಸ್ಕ್ರೀನ್‌ಶಾಟ್‌ನಲ್ಲಿ ಮೊದಲು ನೋಡಿದ್ದು ಎರಡು ಸೊನ್ನೆಗಳನ್ನು. ಒಳಗೆ ಹಳದಿ ಇತ್ತು. ಆಮೇಲೆ ಕುದುರೆಯ ಕಣ್ಣು ನೋಡಿದೆ. ಬೆಳ್ಳಗಿತ್ತು. ಪ್ರಿಂಟ್ ಹಾಕಿ ಅಂದೆ.